ಕೂಗಳತೆ

ಅಂಗೈ ಇನ್ನೂ ಒದ್ದೆಯಾಗಿತ್ತು. ಇಂಟರ್‌ವಲ್ಲಿಗೆ ದೀಪ ಹತ್ತಿ ಜನವೆಲ್ಲ ಕ್ಯಾಂಟೀನಿನ ಕಡೆ ನುಗ್ಗುತ್ತಿದ್ದಾಗ ಸೋಮಿರೆಡ್ಡಿ ಬಲಗೈಯನ್ನು ಮೈಯಿಂದ ತುಸು ದೂರ ಹಿಡಿದುಕೊಂಡು ಗೋಡೆಯ ಪಕ್ಕದಲ್ಲೇ ನಡೆದ. ಪ್ಯಾಂಟಿಗೆ ಒರೆಸಿಕೊಳ್ಳಬಹುದಿತ್ತು. ಜೇಬಿನಲ್ಲಿ ಕರ್ಚೀಫು ಕೂಡ ಇತ್ತು. ಆದರೆ ಒರೆಸಿಕೊಂಡರೆ ಅದೇ ಇನ್ನೊಂದು ತಪ್ಪಾಗುತ್ತದೆ ಅನ್ನಿಸಿ ಕೈಯನ್ನು ಹಾಗೆಯೇ ಬಿಟ್ಟಿದ್ದ. ಅಮ್ಮನ ಬಾಯಿಯ ಬಿಸಿ, ಹೊಗೆಸೊಪ್ಪಿನ ವಾಸನೆ, ಅವಳ ಮುಂದಿನ ಒಂಟಿ ಹಲ್ಲು ಬೆರಳಿನ ಬುಡಕ್ಕೆ ಒತ್ತಿದ ಗುರುತು, ಎಲ್ಲ ಆ ಅಂಗೈಯಲ್ಲೇ ಇದ್ದವು. ಈಗ ತಾನೆ, ಕತ್ತಲೆಯಲ್ಲಿ, ತುಂಬಿದ ಟಾಕೀಸಿನ ನಡುವೆ, ಹೆತ್ತವಳ ಬಾಯಿಯನ್ನು ಅವನು ಕೈಯಿಂದ ಮುಚ್ಚಿದ್ದ. ಮೆಲ್ಲಗೆ ಅಲ್ಲ. ಅಳುವ ಮಗುವನ್ನು ಸುಮ್ಮನಾಗಿಸುವ ಹಾಗೂ ಅಲ್ಲ. ಮನೆಯೊಳಗೆ ನುಗ್ಗಿದ ಕಳ್ಳ ಮನೆಯವರ ಬಾಯಿ ಮುಚ್ಚುತ್ತಾನಲ್ಲ, ಹಾಗೆ. ಕೈ ಅಷ್ಟು ಬೇಗ ಹೇಗೆ ಹೋಯಿತು ಎಂದು ಅವನಿಗೇ ಗೊತ್ತಾಗಲಿಲ್ಲ. ಎಷ್ಟೋ ವರ್ಷದಿಂದ ಆ ಒಂದು ಕೆಲಸಕ್ಕೆಂದೇ ಕಾದು ಕೂತಿದ್ದ ಕೈಯ ಹಾಗೆ ಹೋಗಿತ್ತು.

"ಏನ್ ರೆಡ್ಡಿಗಾರು, ಕೈಗೇನಾಯ್ತು? ರಾಜ ಕತ್ತಿ ಹಿಡಿದಂಗೆ ಹಿಡ್ಕೊಂಡಿದೀರಲ್ಲ," ಎಂದ ಅವನ ಜೊತೆ ಸೀರೆಯಂಗಡಿಯಲ್ಲಿ ಕೆಲಸ ಮಾಡುವ ಸತ್ತಿಬಾಬು, ಕ್ಯಾಂಟೀನಿನ ಗುಂಪಿನೊಳಗಿಂದ ತಲೆ ಹೊರಗೆ ಹಾಕಿ.

"ಏನಿಲ್ಲ. ಜೋಮು ಹಿಡಿದಿದೆ."

"ಚಪ್ಪಾಳೆ ಹೊಡೆದೂ ಹೊಡೆದೂ ಹಿಡಿದಿರುತ್ತೆ ಬಿಡಿ. ನಾನು ನೋಡಿದ್ನಲ್ಲ, ಆನೆಗಳು ಹೊಳೆ ದಾಟೋವಾಗ ನೀವು ಸೀಟಿನ ಮೇಲೇ ಇರಲಿಲ್ಲ. ಟೀ ಎಷ್ಟು ಹೇಳ್ಲಿ? ನಿಮ್ಮ ಜೊತೆ ಬಂದಿರೋ ಆ ಅಮ್ಮ ಟೀ ಕುಡೀತಾರೋ, ಇಲ್ಲ ಬರೀ ಕೂಗ್ತಾರೋ?"

"ಕುಡೀತಾರೆ," ಎಂದ ಸೋಮಿರೆಡ್ಡಿ.

ಸತ್ತಿಬಾಬು ನಕ್ಕ. ಇವನೂ ನಕ್ಕ. ನಗು ಬಾಯಿಗೆ ಬಂದ ಮೇಲೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಗೋಡೆಯ ಮೇಲಿನ ಪೋಸ್ಟರಿನ ಕಡೆ ತಿರುಗಿಸಿದ. ಪೋಸ್ಟರಿನಲ್ಲಿ ಕುರುಡು ರಾಜ ಆನೆಯ ಮೇಲೆ ನಿಂತಿದ್ದ. ಅವನ ಕಾಲ ಬುಡದಲ್ಲಿ, ಕೊನೆಗೆ ಅಂಟಿಸಿದ ಹಾಗೆ, ಗುಡ್ಡದ ಜನರ ತಲೆಗಳಿದ್ದವು. ಮುಖಕ್ಕೆಲ್ಲ ಮಸಿ, ಬಾಯಿ ತೆರೆದದ್ದು, ಹಲ್ಲು ಮಾತ್ರ ಬೆಳ್ಳಗೆ.

ಅಮ್ಮ ಎಂಬ ಆ ಮಾತನ್ನು ಅವನು ಬೆಳಿಗ್ಗೆ ಆಟೋದಲ್ಲಿ ಬರುವಾಗಲೇ ಹೊಂದಿಸಿಟ್ಟುಕೊಂಡಿದ್ದ. ಸಂಕ್ರಾಂತಿಯ ವ್ಯಾಪಾರ ಚೆನ್ನಾಗಿ ಆಯಿತೆಂದು ಸೀರೆಯಂಗಡಿಯ ಸಾಹುಕಾರರು ಕೆಲಸದವರಿಗೆಲ್ಲ ಬೆಳಗಿನ ಆಟಕ್ಕೆ ಒಂದಿಡೀ ಸಾಲು ಹಿಡಿಸಿದ್ದರು. ಮನೆಯವರನ್ನೂ ಕರೆತನ್ನಿ ಎಂದಿದ್ದರು. ಗೇಟಿನ ಹತ್ತಿರ ಅಂಗಡಿಯ ನಾಗಮಣಿ ಎದುರಾಗಿ, "ಇವರು ಯಾರು ರೆಡ್ಡಿಗಾರು?" ಎಂದಾಗ, "ಅಮ್ಮ. ಊರಿಂದ ಬಂದಿದಾರೆ," ಎಂದಿದ್ದ. ಸುಳ್ಳಲ್ಲ. ಆದರೆ ರಾಜಮಂಡ್ರಿಯಲ್ಲಿ ಹೂವಿನವಳೂ ಅಮ್ಮನೇ, ಮನೆಯ ಯಜಮಾನಿಯೂ ಅಮ್ಮನೇ, ಸೀರೆಗೆ ಚೌಕಾಸಿ ಮಾಡುವವಳೂ ಅಮ್ಮನೇ, ಗೋದಾವರಿಯೂ ಅಮ್ಮನೇ. ನಮ್ಮಮ್ಮ ಎಂದಿದ್ದರೆ ಮಾತು ಮುಗಿಯುತ್ತಿತ್ತು. ಆ 'ನಮ್ಮ' ಎಂಬುದನ್ನು ಅವನು ಆಟೋದಲ್ಲೇ ನುಂಗಿಕೊಂಡಿದ್ದ. ಪಕ್ಕದಲ್ಲೇ ನಿಂತಿದ್ದ ಲಚ್ಚಾಯಮ್ಮ ನಾಗಮಣಿಯನ್ನು ನೋಡಿ ಒಂಟಿ ಹಲ್ಲು ತೋರಿಸಿ ನಕ್ಕಳು. ಅವಳಿಗೆಂದು ಅವನು ಅಂಗಡಿಯಿಂದ ತಂದ ಹಸಿರು ಸೀರೆಯನ್ನು ಅವಳು ಗುಡ್ಡದಲ್ಲಿ ಉಡುವ ಹಾಗೆಯೇ ಮೊಣಕಾಲಿಗಿಂತ ತುಸು ಕೆಳಗೆ ಬರುವಂತೆ ಬಿಗಿದು ಉಟ್ಟಿದ್ದಳು. ಹಣೆಯ ಮೇಲೆ ಹಚ್ಚೆ, ಮೂಗಿನ ಎರಡು ಹೊಳ್ಳೆಗೂ ಹಿತ್ತಾಳೆಯ ಮೂಗುತಿ. ಕಂಕುಳಲ್ಲಿ ಕಳಲೆಯ ಗಂಟು. ಅದನ್ನು ಕೋಣೆಯಲ್ಲಿಟ್ಟು ಬಾ ಎಂದರೂ ಬಿಟ್ಟು ಬಂದಿರಲಿಲ್ಲ. ಅವಳನ್ನು ನೋಡಿದವರಿಗೆ ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಆದರೂ ಅವನು ಹೇಳದೆ ಉಳಿಸಿಕೊಂಡಿದ್ದ.

ಎಲ್ಲ ಶುರುವಾದದ್ದು ರೆಡ್ಡಿ ಎಂಬ ಬಾಲದಿಂದ. ಗುಡ್ಡದ ರೆಡ್ಡಿಗಳು ಬೇರೆ, ಬಯಲಿನ ರೆಡ್ಡಿಗಳು ಬೇರೆ. ಬಯಲಿನವರಿಗೆ ಅನಪರ್ತಿ ಸುತ್ತಿನ ಗದ್ದೆ, ಅಕ್ಕಿ ಗಿರಣಿ, ಚುನಾವಣೆಯ ಮಾತು. ಗುಡ್ಡದವರಿಗೆ ಬಿದಿರು, ಹುಣಿಸೆ, ಇಳಿಜಾರಿನಲ್ಲಿ ಕಡಿದು ಸುಟ್ಟು ಬಿತ್ತಿದ ತುಂಡು ನೆಲ. ಹೆಸರು ಬರೆದರೆ ಎರಡೂ ಒಂದೇ. ಕೆಲಸಕ್ಕೆ ಸೇರಿದ ದಿನ ಸಾಹುಕಾರರು ಹೆಸರು ಕೇಳಿ, "ಅನಪರ್ತಿ ಕಡೆಯವರೇನಯ್ಯಾ?" ಎಂದಿದ್ದರು. ಅವನು ಕೈ ಎತ್ತಿ, "ಆ ಕಡೆಯೇ," ಎಂದಿದ್ದ. ಕೈ ಎತ್ತಿದ್ದು ಗುಡ್ಡಗಳ ಕಡೆಗೇ. ನೋಡಿದವರು ತಪ್ಪು ತಿಳಿದುಕೊಂಡರೆ ಕೈ ಏನು ಮಾಡುತ್ತದೆ, ಎಂದು ಆವತ್ತು ತನಗೆ ತಾನೇ ಹೇಳಿಕೊಂಡಿದ್ದ. ಅಂದಿನಿಂದ ಸೋಮಿರೆಡ್ಡಿ ಹೋಗಿ ರೆಡ್ಡಿಗಾರು ಆದ. ಗಾರು ಎಂಬ ಆ ಮರ್ಯಾದೆಯ ಮಾತು ಹೊಸ ಚಪ್ಪಲಿಯ ಹಾಗೆ ಕಚ್ಚಿತು, ಆಮೇಲೆ ಹೊಂದಿಕೊಂಡಿತು. ಹೆಣ್ಣು ತೋರಿಸುತ್ತೇವೆ ಎಂದು ಬಂದವರು ಯಾವ ಊರಿನ ಯಾವ ಮನೆತನ ಎಂದು ಕೇಳಲು ಶುರು ಮಾಡಿದಾಗಲೆಲ್ಲ ಅವನಿಗೆ ತಲೆನೋವು ಬರುತ್ತಿತ್ತು, ಜ್ವರ ಬರುತ್ತಿತ್ತು, ಅಂಗಡಿಯಲ್ಲಿ ಸ್ಟಾಕು ಎಣಿಸುವ ಕೆಲಸ ಬರುತ್ತಿತ್ತು. ತಲೆಯಲ್ಲಿ ಬಿಳಿಕೂದಲು ಬಂದವು, ಹೆಂಡತಿ ಬರಲಿಲ್ಲ.

ಟೀ ಲೋಟಗಳನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುವಾಗ ಬಿಸಿ ಅಂಗೈಗೆ ತಾಕಿತು. ಒದ್ದೆ ಆರಿತು. ಮೂರು ವರ್ಷದ ಹಿಂದೆ ಇದೇ ಮೆಟ್ಟಿಲನ್ನು ಅವನು ತೇಲಿಕೊಂಡು ಇಳಿದಿದ್ದ. ಆಗ ಈ ಸಿನಿಮಾದ ಮೊದಲನೇ ಭಾಗ ಬಂದಿತ್ತು, ಒಬ್ಬನೇ ನೋಡಿದ್ದ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ರಾಜ ಮಂಜು ಮುಚ್ಚಿದ ಕಾಡಿನಲ್ಲಿ ದಾರಿ ತಪ್ಪಿ ತೆವಳುತ್ತಾನೆ. ಯಾರಾದರೂ ಇದ್ದೀರಾ ಎಂದು ಅರಚುತ್ತಾನೆ. ಅರಚಿ ಅರಚಿ ಸುಮ್ಮನಾದಾಗ, ಎಲ್ಲೋ ದೂರದ ಗುಡ್ಡದಿಂದ ಒಂದು ಕೂಗು ಇಳಿದು ಬರುತ್ತದೆ. ಅದರ ಹಿಂದೆ ಇನ್ನೊಂದು ಗುಡ್ಡದಿಂದ. ಅದರ ಹಿಂದೆ ಮತ್ತೊಂದು. ಕೂಗಿನ ದಾರಿಯಲ್ಲೇ ನಡೆದು ಕುರುಡ ಹೊಳೆ ಸೇರುತ್ತಾನೆ. ಸೋಮಿರೆಡ್ಡಿ ಆವತ್ತು ಸೀಟಿನಿಂದ ಎದ್ದು ನಿಂತುಬಿಟ್ಟಿದ್ದ. ಹಿಂದಿನವರು ಕೂತ್ಕೊಳ್ರೀ ಎಂದು ಬೈದದ್ದೂ ಕೇಳಿಸಿರಲಿಲ್ಲ. ಅದು ಪಂಡುಮಾವನ ಧ್ವನಿ. ಅಮ್ಮನ ಅಣ್ಣ ಪಂಡಯ್ಯ. ಸಿನಿಮಾದವರು ಮಾವನ ಊರು ಗಿನ್ನೆಪಲ್ಲಿಗೆ ಬಂದು, ಮುದುಕರನ್ನೆಲ್ಲ ಕೂರಿಸಿ, ಬಿರಿಯಾನಿ ಕೊಟ್ಟು, ಕೂಗಿಸಿಕೊಂಡು ಹೋದರಂತೆ ಎಂಬುದು ಕೇಳಿ ಗೊತ್ತಿತ್ತು. ಆದರೆ ಅದು ಹೀಗೆ, ಇಷ್ಟು ದೊಡ್ಡದಾಗಿ, ಸಾವಿರ ಜನರ ತಲೆಯ ಮೇಲೆ ಬಂದು ಇಳಿಯುತ್ತದೆಂದು ಯಾರಿಗೆ ಗೊತ್ತಿತ್ತು. ಆಟ ಬಿಟ್ಟ ಮೇಲೆ ಸಂಜೆಯವರೆಗೂ ಗೋದಾವರಿಯ ದಡದಲ್ಲಿ ಕೂತಿದ್ದ. ಯಾರಿಗಾದರೂ ಹೇಳಬೇಕು ಅನ್ನಿಸಿತ್ತು. ಹೇಳುವುದಕ್ಕೆ ಗುಡ್ಡದಿಂದ ಶುರು ಮಾಡಬೇಕಾಗಿತ್ತು. ಹಾಗಾಗಿ ಹೇಳಲಿಲ್ಲ.

ಅವನ ಊರಿನಲ್ಲಿ ಕೂಗಿಗೆ ಒಂದು ನಿಯಮವಿತ್ತು. ಕರೆಯುವ ಕೂಗು ಮೇಲಕ್ಕೆ ಹತ್ತುತ್ತದೆ, ಓಗೊಡುವ ಕೂಗು ಕೆಳಕ್ಕೆ ಇಳಿಯುತ್ತದೆ. ಕೂಗಳತೆಯಲ್ಲಿ ಯಾರ ಕಿವಿಗೆ ಬಿದ್ದರೂ ಓಗೊಡಲೇಬೇಕು. ಗಡಿಯ ಜಗಳದಲ್ಲಿ ಮಾತು ಬಿಟ್ಟ ದಾಯಾದಿಯಾದರೂ, ಬಾಣಂತಿಯಾದರೂ, ಉಣ್ಣುತ್ತ ಕೂತವನಾದರೂ ಬಾಯಿಯೊಳಗಿನ ತುತ್ತು ಉಗಿದು ಓಗೊಡಬೇಕು. ಓಗೊಡದವನಿಗೆ ಬಾಯಿಲ್ಲದವನು ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಬೈಗುಳ ಆ ಗುಡ್ಡಗಳಲ್ಲಿ ಇರಲಿಲ್ಲ. ಮೊದಲನೇ ಭಾಗದ ಕೊನೆಯಲ್ಲಿ ರಾಜ ಗುಡ್ಡದ ಜನರನ್ನು ಬೆನ್ನಿಗೆ ಕಟ್ಟಿಕೊಂಡು ಬಂದು, ತನ್ನದೇ ಕೋಟೆಯ ಮುಚ್ಚಿದ ಬಾಗಿಲ ಮುಂದೆ ನಿಂತು, ಅವರಿಂದ ಕಲಿತ ಆ ಕೂಗನ್ನು ಕೂಗುತ್ತಾನೆ. ಅಲ್ಲಿಗೆ ಪರದೆ ಕಪ್ಪಾಗುತ್ತದೆ. ಒಳಗಿನಿಂದ ಯಾರು ಓಗೊಡುತ್ತಾರೆ ಎಂದು ಊರಿಗೆ ಊರೇ ಮೂರು ವರ್ಷ ಕೇಳಿಕೊಂಡು ಓಡಾಡಿತು. ರಾಣಿ ಎಂದರು, ತಮ್ಮ ಎಂದರು, ಸತ್ತಿಬಾಬು ಆನೆ ಎಂದ. ಸೋಮಿರೆಡ್ಡಿ ಮಾತ್ರ ಸೀರೆ ಮಡಿಸುತ್ತ ಸುಮ್ಮನಿರುತ್ತಿದ್ದ. ಅವನಿಗೆ ಉತ್ತರ ಗೊತ್ತಿತ್ತು. ಯಾರ ಕಿವಿಗೆ ಬಿತ್ತೋ ಅವರು. ಅದು ಬಿಟ್ಟರೆ ಇನ್ನೇನು ಸಾಧ್ಯ. ಕಳೆದ ಮಳೆಗಾಲದಲ್ಲಿ ಪಂಡುಮಾವ ತೀರಿಕೊಂಡ. ಎರಡನೇ ಭಾಗ ಬರುತ್ತದೆ ಎಂದ ಕೂಡಲೆ ಅವನು ಅಮ್ಮನಿಗೆ ಹೇಳಿ ಕಳಿಸಿದ್ದು ಇಷ್ಟೇ: ಮಾವನ ಧ್ವನಿ ಇದೆ, ಬಾ.

ಸಾಲಿನೊಳಗೆ ಮೊಣಕಾಲುಗಳನ್ನು ದಾಟಿಕೊಂಡು ಹೋದಾಗ ನಾಗಮಣಿ ಲಚ್ಚಾಯಮ್ಮನ ಕೈಗೆ ಮಂಡಕ್ಕಿ ಹಾಕುತ್ತಿದ್ದಳು.

"ರೆಡ್ಡಿಗಾರು, ಈ ಅಮ್ಮನ ಹತ್ತಿರ ಕಳಲೆ ಇದೆಯಂತೆ. ನಂಗೊಂದಿಷ್ಟು ಕೊಡ್ತಾರಂತೆ. ಹೆಂಗೆ ಮಾಡೋದು ಅಂತಾನೂ ಹೇಳಿಕೊಟ್ರು."

"ತಗೊಳ್ಳಿ," ಎಂದ.

ಅಮ್ಮ ಟೀ ತೆಗೆದುಕೊಂಡಳು. ಅವನ ಮುಖ ನೋಡಲಿಲ್ಲ, ಲೋಟದೊಳಗೆ ನೋಡಿದಳು. ತುಟಿಯ ಒಂದು ಮೂಲೆ ಕೆಂಪಾಗಿತ್ತು. ಎಲೆಯಡಿಕೆಯದೋ ಏನೋ ಎಂದುಕೊಂಡ. ಅವಳು ಬೆಳಗಿನಿಂದ ಎಲೆಯಡಿಕೆ ಹಾಕಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಸೋಮಾ," ಎಂದಳು ತಗ್ಗಿದ ಧ್ವನಿಯಲ್ಲಿ, "ನಿನ್ ಮಾವ ಯಾಕೆ ಅಷ್ಟು ಕೋಪದಾಗಿದಾನೆ?"

"ಅದು ಸಿನಿಮಾ ಅಮ್ಮ."

"ಸಿನಿಮಾ ಅಂತ ನಂಗೊತ್ತಿಲ್ವಾ? ಧ್ವನಿ ಸಿನಿಮಾದ್ದಾ?" ಅವಳು ಟೀಯನ್ನು ಒಂದು ಗುಟುಕು ಹೀರಿದಳು. "ಬಾಗಿಲ ಹತ್ರ ಆ ಕುರುಡಪ್ಪ ಕರೆದ್ನಲ್ಲ, ಒಳಗಿಂದ ಯಾರೂ ಓ ಅನ್ನಲಿಲ್ಲ. ಅದಕ್ಕೆ ಕೋಪ ಬಂದಿರಬೇಕು ಅವನಿಗೆ. ನಾನಾದ್ರೂ ಅನ್ನೋಣ ಅಂತ ಅಂದೆ."

ಅಷ್ಟು ಹೇಳಿ ಮತ್ತೆ ಲೋಟದೊಳಗೆ ನೋಡಿದಳು. ನೀನು ಬಾಯಿ ಮುಚ್ಚಿದೆ ಎಂದು ಹೇಳಲಿಲ್ಲ. ಹೇಳಿದ್ದರೆ ಅವನು ಏನಾದರೂ ಸಮಜಾಯಿಷಿ ಕೊಡಬಹುದಿತ್ತು. ಅವಳು ಅದನ್ನು ಅಲ್ಲಿಗೇ ಬಿಟ್ಟದ್ದರಿಂದ ಅದು ಇಬ್ಬರ ನಡುವಿನ ಕೈಯಾಸರೆಯ ಮೇಲೆ ಕೂತುಕೊಂಡಿತು. ದೀಪ ಆರಿತು.

ಇಂಟರ್‌ವಲ್ಲಿಗೆ ಮೊದಲು ಆದದ್ದು ಹೀಗೆ. ಈ ಭಾಗದಲ್ಲಿ ಕೋಟೆಯೊಳಗಿನಿಂದ ಯಾರೂ ಓಗೊಡುವುದಿಲ್ಲ. ಬದಲಿಗೆ ರಾಜನ ಬೆನ್ನಿಗೆ ಬಾಣ ಬಂದು ನಾಟುತ್ತದೆ. ತಿರುಗಿ ನೋಡಿದರೆ ಗುಡ್ಡದ ಜನ. ಚಿನ್ನಕ್ಕೆ ಮಾರಿಕೊಂಡಿದ್ದಾರೆ. ಹಿಂದಿನ ಭಾಗದಲ್ಲಿ ಸಾಧಾರಣ ಪಂಚೆ ಉಟ್ಟಿದ್ದವರಿಗೆ ಈ ಭಾಗದಲ್ಲಿ ಮುಖಕ್ಕೆ ಮಸಿ ಬಂದಿದೆ, ಕೊರಳಿಗೆ ಎಲುಬು ಬಂದಿದೆ, ನಡೆಯುತ್ತಿದ್ದವರು ಕುಪ್ಪಳಿಸುತ್ತಾರೆ. ಮತ್ತು ಆ ಕೂಗು. ಅದೇ ಪಂಡುಮಾವನ ಧ್ವನಿಯನ್ನು ಯಂತ್ರಕ್ಕೆ ಹಾಕಿ ಹಿಂಡಿ ಚೂಪು ಮಾಡಿದ್ದರು. ಮೇಲಕ್ಕೆ ಹತ್ತಿ ಹತ್ತಿ ಅಲ್ಲೇ ಕಡಿದು ಬೀಳುತ್ತಿತ್ತು. ಇಳಿಯುವ ಕೂಗನ್ನು ಎಲ್ಲಿಯೂ ಉಳಿಸಿರಲಿಲ್ಲ. ಟಾಕೀಸಿನ ಜನ ಅದನ್ನು ಅಲ್ಲೇ ಕಲಿತುಕೊಂಡರು. ಬಾಲ್ಕನಿಯಿಂದ ಒಬ್ಬ, ಕೆಳಗಿನಿಂದ ಹತ್ತು ಜನ. ಪರದೆಯವರು ಕೂಗಿದರೆ ಇವರು ಕೂಗುವುದು, ಕೂಗಿ ನಗುವುದು. ಆಗ ಸೋಮಿರೆಡ್ಡಿಯ ಪಕ್ಕದಲ್ಲಿ ಲಚ್ಚಾಯಮ್ಮ ಬೆನ್ನು ನೆಟ್ಟಗೆ ಮಾಡಿ, ಬಾಯಿಯ ಪಕ್ಕಕ್ಕೆ ಅಂಗೈ ಕೊಟ್ಟು, ಅಷ್ಟೂ ಗದ್ದಲದ ಮೇಲಿನಿಂದ ಒಂದು ಓಗೊಡುವ ಕೂಗನ್ನು ಇಳಿಸಿದ್ದಳು. ಉದ್ದಕ್ಕೆ, ತಣ್ಣಗೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೂಗು. ಒಂದು ಗಳಿಗೆ ಇಡೀ ಟಾಕೀಸು ಸುಮ್ಮನಾಯಿತು. "ಅಜ್ಜಿಗೂ ಮೈಮೇಲೆ ಬಂತು ಕಣ್ರೋ," ಎಂದ ಹಿಂದಿನ ಸಾಲಿನವನೊಬ್ಬ. ನಗು ಎದ್ದಿತು. ಅವಳು ಎರಡನೆಯ ಸಲಕ್ಕೆ ಉಸಿರೆಳೆದುಕೊಂಡಳು. ಕೈ ಹೋಗಿತ್ತು.

ಈಗ ಪರದೆಯ ಮೇಲೆ ಗುಡ್ಡದ ಹಟ್ಟಿ ಉರಿಯುತ್ತಿತ್ತು. ಕೆಂಪು ಕಿಡಿಗಳು ಹಿಡಿ ಹಿಡಿಯಾಗಿ ಮೇಲೆದ್ದು ನಕ್ಷತ್ರಗಳ ನಡುವೆ ಹೋಗಿ ಸೇರುತ್ತಿದ್ದವು. ಇಂಥ ಬೆಂಕಿಯನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎಷ್ಟು ಚೆಂದ ಮಾಡಿದ್ದಾರೆ ಎಂದು ಮನಸ್ಸು ತಾನಾಗಿಯೇ ಅಂದಿತು. ಅದನ್ನು ಸುಮ್ಮನಿರಿಸುವಷ್ಟರಲ್ಲಿ ಕುರುಡು ರಾಜ ಬೆಂಕಿಯ ನಡುವೆ ಆನೆಯಿಂದ ಇಳಿದ. ಸಂಗೀತ ಎದೆಗೆ ಬಡಿಯಿತು. ಅವನ ತೋಳಿನ ಕೂದಲು ನೆಟ್ಟಗಾದವು. ಹೌದು, ಅವನಿಗೆ ಹಿಡಿಸುತ್ತಿತ್ತು. ಅದನ್ನು ಯಾರಿಗೆ ಹೇಳಲಿ. ಚೆನ್ನಾಗಿಲ್ಲದ ಸಿನಿಮಾ ಆಗಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ ಎಂದುಕೊಂಡ. ಬೆಂಕಿಯೊಳಗಿಂದ ಮಸಿ ಮೆತ್ತಿದ ಹೆಂಗಸರು ಓಡಿ ಬರುತ್ತಿದ್ದರು. ಅವರಲ್ಲೊಬ್ಬಳು ಸೀರೆಯನ್ನು ಮೊಣಕಾಲಿನ ಕೆಳಗೆ ಬಿಗಿದು ಕಟ್ಟಿದ್ದಳು. ಅವಳು ಬಿದ್ದಾಗ ಸತ್ತಿಬಾಬು ಶಿಳ್ಳೆ ಹಾಕಿದ. ಸೋಮಿರೆಡ್ಡಿ ನೋಡಿಕೊಂಡರೆ ಅವನ ಎರಡು ಕೈಗಳೂ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ನಿಲ್ಲಿಸಿದ. ನಿಲ್ಲಿಸಿದ್ದು ಪಕ್ಕದವರಿಗೆ ಕಾಣುತ್ತದೇನೋ ಎಂದು ಇನ್ನೆರಡು ಸಲ ಬಡಿದು, ಆಮೇಲೆ ನಿಲ್ಲಿಸಿದ.

ಚಿಕ್ಕಂದಿನಲ್ಲಿ ಒಮ್ಮೆ, ಮಂಜಿನಲ್ಲಿ ಎರಡು ಕೈ ಚಾಚಿದರೆ ಕೈಗಳೇ ಕಾಣುತ್ತಿರಲಿಲ್ಲ. ಕಳಲೆ ಮುರಿಯಲು ಅಮ್ಮನ ಹಿಂದೆ ಹೋದವನು ಹಿಂದೆ ಬಿದ್ದಿದ್ದ. ಚಡ್ಡಿಯಲ್ಲೇ ಉಚ್ಚೆ ಹೋಗಿತ್ತು. ಯಾವ ಕಡೆ ಹೆಜ್ಜೆಯಿಟ್ಟರೂ ಬಿದಿರಿನ ಮುಳ್ಳು. ಮೊದಲು ಅತ್ತ, ಆಮೇಲೆ ಕರೆದ. ಗಂಟಲು ಚಿಕ್ಕದು, ಕೂಗು ಅರ್ಧಕ್ಕೇ ಒಡೆದುಹೋಯಿತು. ಎಲ್ಲ ಕಡೆಯೂ ಬೆಳ್ಳಗೆ ಸುಮ್ಮನಿತ್ತು. ಆಮೇಲೆ ಎಲ್ಲಿಂದಲೋ, ತಲೆಯ ಮೇಲಿನಿಂದಲೇ ಎಂಬ ಹಾಗೆ, ಅವಳ ಓ ಇಳಿದು ಬಂತು. ನೆತ್ತಿಯ ಮೇಲೆ ಕೈಯಿಟ್ಟ ಹಾಗೆ. ಅವಳು ಬಂದು ಮುಟ್ಟುವುದಕ್ಕೆ ಮೊದಲೇ ಅವನ ಅಳು ನಿಂತಿತ್ತು. ಪರದೆಯ ಮೇಲೆ ಮಾವನ ಧ್ವನಿ ಮತ್ತೆ ಕಿರುಚಿತು. ಟಾಕೀಸು ಮತ್ತೆ ಕಿರುಚಿತು. ಸೋಮಿರೆಡ್ಡಿ ಪಕ್ಕಕ್ಕೆ ನೋಡಿದ. ಬೆಂಕಿಯ ಬೆಳಕಿನಲ್ಲಿ ಅವಳ ಮುಖ ಕೆಂಪಾಗಿ ಕಂಡಿತು. ಹಸಿರು ಸೆರಗನ್ನು ಮುದ್ದೆ ಮಾಡಿ ತನ್ನ ಬಾಯಿಗೆ ತಾನೇ ಒತ್ತಿ ಹಿಡಿದುಕೊಂಡಿದ್ದಳು. ಮಗನಿಗೆ ಇನ್ನೊಂದು ಸಲ ಆ ಕೆಲಸ ಬರಬಾರದು ಎನ್ನುವ ಹಾಗೆ.

ಆಟ ಬಿಟ್ಟಾಗ ಹೊರಗೆ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯಿತು. ಮುಂದಿನ ಆಟಕ್ಕೆ ಕಾದವರು, ಈ ಆಟ ಮುಗಿಸಿದವರು, ಕಟೌಟಿಗೆ ಹಾಲು ಹೊಯ್ಯುವವರು, ಎಲ್ಲ ಸೇರಿ ಗೇಟಿನಿಂದ ರಸ್ತೆಯವರೆಗೆ ತಲೆಯೋ ತಲೆ. ಸೋಮಿರೆಡ್ಡಿ ಅಮ್ಮನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ. ಬೇಕೆಂದೇ ಅಲ್ಲ. ಅವಳು ಪೇಟೆಗೆ ಬಂದಾಗಲೆಲ್ಲ ಹಾಗೆಯೇ ನಡೆದು ಅಭ್ಯಾಸ. ಸತ್ತಿಬಾಬು ಹೆಗಲ ಮೇಲೆ ಕೈ ಹಾಕಿದ.

"ಹೆಂಗಿತ್ತು, ಹೇಳಿ. ಮೊದಲನೇದೇ ಚೆಂದ ಅಂತಾರೆ ಕೆಲವರು. ನಂಗೆ ಇದೇ ಹಿಡಿಸ್ತು. ಆ ಮಸಿ ಮುಖದೋರು ಬಂದ ಮೇಲೆ ಖಾರ ಬಿತ್ತು ನೋಡಿ ಸಾರಿಗೆ."

"ಚೆನ್ನಾಗಿತ್ತು," ಎಂದ ಸೋಮಿರೆಡ್ಡಿ. "ಮೊದಲನೇದೂ ಚೆನ್ನಾಗಿತ್ತು."

"ಎರಡೂ ಚೆನ್ನಾಗಿದ್ರೆ ಮುಖ ಯಾಕೆ ಹಂಗಿದೆ, ಸೀರೆ ಬಣ್ಣ ಬಿಟ್ಟ ಗಿರಾಕಿ ಥರ."

ತಿರುಗಿ ನೋಡಿದಾಗ ಅಮ್ಮ ಇರಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಹಸಿರು ಸೀರೆಗಳು ಎಷ್ಟೋ ಇದ್ದವು, ಆ ವರ್ಷ ಅವನೇ ಎಷ್ಟು ಮಾರಿರಲಿಲ್ಲ. ಕಣ್ಣು ಹುಡುಕುತ್ತಿದ್ದ ಹಾಗೆಯೇ, ಒಂದು ಕ್ಷಣ, ಬರೇ ಒಂದು ಕ್ಷಣ, ಅವನಿಗೆ ಹಗುರ ಅನ್ನಿಸಿತು. ಅದು ಬಂದು ಹೋದದ್ದನ್ನು ಅವನು ಚೆನ್ನಾಗಿ ನೋಡಿದ. ಆಗಲೇ ಆ ಕೂಗು ಬಂತು. ಹಾಲಿನ ಕ್ಯಾನುಗಳ ಆಚೆ, ಕಟೌಟಿನ ನೆರಳಿನ ಹತ್ತಿರದಿಂದ. ಕರೆಯುವ ಕೂಗು. ಮುದಿ ಗಂಟಲಿನಿಂದ ಮೇಲಕ್ಕೆ, ಮೇಲಕ್ಕೆ ಹತ್ತಿ, ತುದಿಯಲ್ಲಿ ನಡುಗಿ, ಕಾದು ನಿಂತಿತು.

ಗುಂಪಿಗೆ ಅಷ್ಟೇ ಸಾಕಾಯಿತು. ಹಾಲು ಹೊಯ್ಯುತ್ತಿದ್ದವರು ಕೂಗಿದರು, ಸರದಿಯವರು ಕೂಗಿದರು, ಗೋಡೆಯ ಮೇಲೆ ಕೂತವರು ಎದ್ದು ನಿಂತು ಕೂಗಿದರು. ಒಂದರ ಮೇಲೊಂದು ಬಾಣದ ಹಾಗೆ ಹತ್ತುವ ಕೂಗುಗಳು. ಅವುಗಳ ನಡುವೆ ಅವಳ ಹಣೆಯ ಹಚ್ಚೆ ಕಂಡಿತು. ಆ ಕಡೆ ತಿರುಗಿದಳು, ಈ ಕಡೆ ತಿರುಗಿದಳು. ಕಳಲೆಯ ಗಂಟನ್ನು ಎದೆಗವಚಿಕೊಂಡು ಕಿವಿಯನ್ನು ಮುಂದೆ ಮಾಡಿ ಹುಡುಕುತ್ತಿದ್ದಳು. ಅವಳು ಹುಡುಕುತ್ತಿರುವುದು ಏನೆಂದು ಅಷ್ಟೂ ಜನರಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಸತ್ತಿಬಾಬುವಿನ ಕೈ ಹೆಗಲ ಮೇಲೇ ಇತ್ತು. ಇರಲಿ, ಈಗಲಾದರೂ, ಎಂದುಕೊಂಡ. ಸೋಮಿರೆಡ್ಡಿ ಅಂಗೈಯನ್ನು ಬಾಯಿಯ ಪಕ್ಕಕ್ಕೆ ಕೊಟ್ಟು, ಕಣ್ಣು ಮುಚ್ಚಿ, ಓಗೊಟ್ಟ.

ಗಂಟಲಿನಿಂದ ಹೊರಟದ್ದು ಇಳಿಯಲಿಲ್ಲ. ಹತ್ತಿತು. ಚೂಪಾಗಿ ಹತ್ತಿ, ತುದಿಯಲ್ಲಿ ಕಡಿದು ಬಿತ್ತು. ಬೆಳಗಿನಿಂದ ಕಿವಿಗೆ ಬಿದ್ದದ್ದೇ ಬಾಯಿಗೆ ಬಂದಿತ್ತು. ಇನ್ನೊಮ್ಮೆ ಪ್ರಯತ್ನಿಸಿದ. ಇನ್ನೂ ಮೇಲಕ್ಕೆ ಹೋಯಿತು. "ಅಬ್ಬಾ ರೆಡ್ಡಿಗಾರು, ಸಿನಿಮಾದವರಿಗಿಂತ ಚೆನ್ನಾಗಿದೆ," ಎಂದ ಸತ್ತಿಬಾಬು, ಬೆನ್ನು ತಟ್ಟಿ. ಲಚ್ಚಾಯಮ್ಮ ಅವನ ಕೂಗನ್ನು ಕೇಳಿದಳು. ಅವನಿದ್ದ ಕಡೆಗೆ ಮುಖ ಮಾಡಿ ಕೇಳಿದಳು. ಕೇಳಿ, ತಲೆಯಲ್ಲಾಡಿಸಿ, ಅವನಿಗೆ ಬೆನ್ನು ಮಾಡಿ ಹಾಲಿನ ಕ್ಯಾನುಗಳ ದಾರಿ ಹಿಡಿದು ನಡೆಯತೊಡಗಿದಳು.

ಗುಂಪನ್ನು ಸೀಳಿಕೊಂಡು ಹೋಗಿ ಹಿಂದಿನಿಂದ ಅವಳ ಭುಜ ಮುಟ್ಟಿದಾಗ ಬೆಚ್ಚಿಬಿದ್ದಳು.

"ನೀನಾ? ಇಷ್ಟು ಹತ್ರ ಇದ್ಕೊಂಡು ಓ ಅನ್ನಬಾರದಾ?"

"ಅಂದೆ ಅಮ್ಮ."

ಅವಳು ಅವನ ಮುಖವನ್ನಲ್ಲ, ಬಾಯಿಯನ್ನು ನೋಡಿದಳು. ಹರಿವೆ ಸೊಪ್ಪಿನ ಕಂತೆಯಲ್ಲಿ ಹುಳ ಇದೆಯೇ ಎಂದು ನೋಡುವ ಹಾಗೆ ನಿಧಾನವಾಗಿ ನೋಡಿದಳು.

ಅಷ್ಟರಲ್ಲಿ ನಾಗಮಣಿ, ಸತ್ತಿಬಾಬು ಬಂದು ಸೇರಿದರು. ಸೋಮಿರೆಡ್ಡಿ ಅವರ ಕಡೆ ತಿರುಗಿದ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದ. "ಇವರು ನಮ್ಮಮ್ಮ. ನನ್ನ ಹೆತ್ತಮ್ಮ. ನಾವು ಅನಪರ್ತಿ ಕಡೆಯವರಲ್ಲ. ಗುಡ್ಡದವರು." ಹೇಳಿ, ಏಟು ಬೀಳಲಿ ಎಂದು ಕಾಯುವವನ ಹಾಗೆ ನಿಂತ.

ಸತ್ತಿಬಾಬು ನಾಗಮಣಿಯ ಮುಖ ನೋಡಿದ. ನಾಗಮಣಿ ಚಪ್ಪಲಿ ನೋಡಿಕೊಂಡಳು.

"ಗೊತ್ತು ಬಿಡಿ ರೆಡ್ಡಿಗಾರು," ಎಂದ ಸತ್ತಿಬಾಬು. ಅವನ ಧ್ವನಿಯಲ್ಲಿ ಮೊದಲ ಸಲ ತಮಾಷೆ ಇರಲಿಲ್ಲ. "ಯಾವತ್ತಿಂದಲೋ ಗೊತ್ತು. ಸಾಹುಕಾರ್‌ಗೂ ಗೊತ್ತು. ನೀವೇ ಹೇಳ್ತಿರಲಿಲ್ಲ ಅಂತ ನಾವೂ ಸುಮ್ನಿದ್ವಿ."

"ಮೂಗು ಒಂದೇ ಅಲ್ವಾ," ಎಂದಳು ನಾಗಮಣಿ, ಸಮಾಧಾನ ಹೇಳುವ ಹಾಗೆ. "ಅಮ್ಮನ್ನ ನೋಡಿದ ತಕ್ಷಣ ಹೇಳಬಹುದು."

ಗೊತ್ತಿತ್ತು. ಹಾಗಾದರೆ ಕತ್ತಲೆಯಲ್ಲಿ ಆ ಸಾಲಿನವರೆಲ್ಲ ನೋಡಿದ್ದು ಏನನ್ನು? ಕೂಗಿದ ಅಜ್ಜಿಯನ್ನಲ್ಲ. ತಾಯಿಯ ಬಾಯಿ ಮುಚ್ಚಿದ ಮಗನನ್ನು. ಬಿಸಿಲು ಕಿವಿಯವರೆಗೆ ಏರಿತು. ಅವರು ಬೈದಿದ್ದರೆ, ನಕ್ಕಿದ್ದರೆ, ದೂರ ಸರಿದಿದ್ದರೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ಇಬ್ಬರೂ ಅವನನ್ನು ಕನಿಕರದಿಂದ ನೋಡುತ್ತಿದ್ದರು. ನಾಗಮಣಿ ಲಚ್ಚಾಯಮ್ಮನ ಕೈಯಿಂದ ಕಳಲೆ ತೆಗೆದುಕೊಂಡು ಬಗ್ಗಿ ಕಾಲು ಮುಟ್ಟಿದಳು. ಬೆಳಿಗ್ಗೆಯಿಂದ ಆ ಕಾಲನ್ನು ಅವನು ಮುಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು.

ರಾಜಮಂಡ್ರಿಯ ಗೋಕವರಂ ಬಸ್ ಸ್ಟ್ಯಾಂಡಿನಲ್ಲಿ ಗುಡ್ಡದ ಬಸ್ಸು ಹೊರಡಲು ಸಿದ್ಧವಾಗಿತ್ತು. ಇವತ್ತು ಇದ್ದು ಹೋಗು ಎಂದ. ಕೋಳಿಗಳಿವೆ ಎಂದಳು. ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟ, ಜಾಮಕಾಯಿ ಎನ್ನುವ ಸೀಬೆಹಣ್ಣು ಕೊಡಿಸಿದ, ನೀರಿನ ಬಾಟಲಿ ಕೊಟ್ಟ. ಕೊಡುವುದಕ್ಕೆ ಇನ್ನೇನೂ ಹೊಳೆಯದೆ ಕಿಟಕಿಯ ಕೆಳಗೆ ನಿಂತ. ಅವಳು ಜಾಮಕಾಯಿಯನ್ನು ಒಂಟಿ ಹಲ್ಲಿನಿಂದ ಗೀರುತ್ತ ಏನೋ ಯೋಚಿಸುತ್ತಿದ್ದಳು.

"ಸೋಮಾ, ಅಲ್ಲಿ ಟಾಕೀಸಿನ ಮುಂದೆ ಅಷ್ಟು ಜನ ಕೂಗಿದ್ರಲ್ಲ."

"ಹೂಂ."

"ಒಬ್ಬರೂ ಓ ಅನ್ನಲಿಲ್ಲ. ಎಲ್ಲರೂ ಕರೀತಾನೇ ಇದ್ರು. ಅಷ್ಟು ಜನಾನೂ ದಾರಿ ತಪ್ಪಿದೋರಾ ಈ ಊರಲ್ಲಿ?"

ಅವನು ಖಾಲಿಯಿದ್ದ ಡ್ರೈವರಿನ ಸೀಟಿನ ಕಡೆ ನೋಡಿದ.

"ನೀನೂ ಅಂದೆ ಅಂದ್ಯಲ್ಲ. ಇಲ್ಲ ಮಗ. ನೀನೂ ಕರೀತಾ ಇದ್ದೆ." ಅವಳು ಜಾಮಕಾಯಿಯನ್ನು ಮಡಿಲಿಗೆ ಹಾಕಿಕೊಂಡಳು. "ಕರೆದೋರಿಗೆ ಓ ಅನ್ನದೆ ಹೋದ್ರೆ ತಪ್ಪು ನಂದಾಗುತ್ತೆ."

ಡ್ರೈವರು ಹತ್ತಿ ಕೂತ. ಬಸ್ಸು ಗುರುಗುಟ್ಟಿತು. ಲಚ್ಚಾಯಮ್ಮ ಕಿಟಕಿಯ ಸರಳುಗಳ ನಡುವೆ ಮುಖ ತಂದು, ಬಾಯಿಯ ಪಕ್ಕಕ್ಕೆ ಅಂಗೈ ಕೊಟ್ಟು, ಅವನ ಕಣ್ಣಿನಲ್ಲಿ ಕಣ್ಣಿಟ್ಟು, ಕೂಗನ್ನು ಇಳಿಸಿದಳು. ಬಿದಿರಿನ ಮುಳ್ಳಿನ ನಡುವೆ ನಿಂತಿದ್ದವನ ನೆತ್ತಿಗೆ ಇಳಿದಿದ್ದ ಅದೇ ಕೂಗು. ಜಾಮಕಾಯಿ ಮಾರುವವಳು ತಿರುಗಿ ನೋಡಿದಳು. ಕಂಡಕ್ಟರು ನೋಡಿದ. ಪಕ್ಕದ ಬಸ್ಸಿನ ಕಿಟಕಿಗಳಲ್ಲಿ ಒಂದೊಂದೇ ಮುಖ ಮೂಡಿತು.

ಸೋಮಿರೆಡ್ಡಿಯ ಬಲಗೈ ಎದ್ದಿತ್ತು. ಯಾವಾಗ ಎದ್ದಿತೋ, ಅಂಗೈ ಬಿಚ್ಚಿಕೊಂಡು ಅವಳ ಬಾಯಿಯ ಎತ್ತರಕ್ಕೆ ಹೋಗಿ ಕಿಟಕಿಯ ಸರಳಿನ ಹತ್ತಿರ ನಿಂತಿತ್ತು. ಅವಳು ಆ ಕೈಯನ್ನು ನೋಡಿದಳು. ಕೂಗನ್ನು ಅರ್ಧಕ್ಕೇ ನಿಲ್ಲಿಸಿ ಸೆರಗನ್ನು ಬಾಯಿಗೆ ತಂದುಕೊಂಡಳು. ಬಸ್ಸು ಹೊರಟಿತು. ಕೈಯನ್ನು ಇಳಿಸುವುದಕ್ಕೆ ಅವನಿಗೆ ಆಗಲಿಲ್ಲ. ಅದು ಗಾಳಿಯಲ್ಲಿ ಹಾಗೆಯೇ ಇತ್ತು, ದೂರದಿಂದ ನೋಡುವವರಿಗೆ ಯಾರನ್ನೋ ಬೀಳ್ಕೊಡುತ್ತಿದ್ದಾನೆ ಅನ್ನಿಸುವ ಹಾಗೆ.